ಕೋಲಾರದ ಗಣಿಯಾಳದಲ್ಲಿ ಕಂಡ ಗುರುತುಗಳು

(ಹೊಸಹಳ್ಳಿಯಲ್ಲಿ ನಡೆದ ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



 

ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕರಿಗೆ ಭೌತವಿಜ್ಞಾನದ ವಿಷಯ ಏಕೆ ಎಂದು ಕೆಲವರು ಕೇಳಬಹುದು. ನಮ್ಮ ಮಕ್ಕಳು ಹತ್ತನೇ ತರಗತಿ ದಾಟಿ ಪಿಯುಸಿ ಸೇರಿದಾಗ ವಿಜ್ಞಾನವನ್ನು ಕಂಡು ಹೆದರುವುದಿಲ್ಲ, ಅದರ ಪದಗಳನ್ನು ಕಂಡು ಹೆದರುತ್ತಾರೆ. ಪದಗಳ ಹೆದರಿಕೆ ಬಿಡಿಸುವುದು ಭಾಷಾ ಶಿಕ್ಷಕರ ಕೆಲಸ. ಇನ್ನೊಂದು ಕಾರಣವೂ ಇದೆ. ಈ ದಿನ ನಾನು ಹೇಳಲಿರುವ ವಿಷಯ ಬೇರೆ ದೇಶದ್ದಲ್ಲ, ನಮ್ಮ ರಾಜ್ಯದ್ದು. ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ ಸಿಟಿ ರೈಲು ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಮಾರಿಕುಪ್ಪಂ ಕಡೆಗೆ ಹೋಗುವ ರೈಲು ಹಿಡಿದರೆ ಸುಮಾರು ನೂರು ಕಿಲೋಮೀಟರು ದೂರದಲ್ಲಿ ಆ ಜಾಗ ಸಿಗುತ್ತದೆ. ಅದೇ ಕೋಲಾರದ ಚಿನ್ನದ ಗಣಿ, ಕೆ.ಜಿ.ಎಫ್. ಆ ಹೆಸರು ಹೇಳಿದರೆ ಇಂದಿನ ಮಕ್ಕಳಿಗೆ ಸಿನಿಮಾ ನೆನಪಿಗೆ ಬರುತ್ತದೆ, ಹಿರಿಯರಿಗೆ ಚಿನ್ನ ನೆನಪಿಗೆ ಬರುತ್ತದೆ. ಆ ಗಣಿಯ ಆಳದಲ್ಲಿ ವಿಜ್ಞಾನಿಗಳು ದಾಖಲಿಸಿದ ಕೆಲವು ಗುರುತುಗಳ ಅರ್ಥ ಇಂದಿಗೂ ಇತ್ಯರ್ಥವಾಗಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಮೊದಲು ಮೂರು ಪದಗಳು

ಮೊದಲನೆಯ ಪದ ವಿಶ್ವಕಿರಣ. ಉರ್ದುವಿನಲ್ಲಿ ಕಾಯಿನಾತೀ ಶುಆಯೇಂ, ಇಂಗ್ಲಿಷಿನಲ್ಲಿ ಕಾಸ್ಮಿಕ್ ರೇಸ್. ಹೆಸರಿನಲ್ಲಿ ಕಿರಣ ಎಂದಿದ್ದರೂ ಇವು ಬೆಳಕಿನ ಕಿರಣಗಳಲ್ಲ. ಹೊರ ಆಕಾಶದಿಂದ ಬಹಳ ವೇಗವಾಗಿ ಬರುವ ಕಣಗಳು. ಹೆಚ್ಚಿನವು ಪ್ರೋಟಾನುಗಳು. ವಿಕ್ಟರ್ ಹೆಸ್ ಎಂಬ ವಿಜ್ಞಾನಿ 1912ರಲ್ಲಿ ಬಲೂನಿನಲ್ಲಿ ಸುಮಾರು 5,300 ಮೀಟರ್ ಎತ್ತರಕ್ಕೆ ಏರಿ, ಮೇಲೆ ಹೋದಂತೆಲ್ಲ ಈ ವಿಕಿರಣ ಹೆಚ್ಚಾಗುವುದನ್ನು ಅಳೆದು ತೋರಿಸಿದರು. ಅದಕ್ಕಾಗಿ 1936ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಈ ಕಣಗಳು ವಾತಾವರಣದ ಗಾಳಿಗೆ ಬಡಿದಾಗ ಹೊಸ ಕಣಗಳು ಹುಟ್ಟಿ ಮಳೆಯಂತೆ ಕೆಳಗೆ ಸುರಿಯುತ್ತವೆ. ಅವುಗಳಲ್ಲಿ ಮ್ಯುವಾನ್ ಎಂಬವು ನೆಲದವರೆಗೂ ಬರುತ್ತವೆ. ನೀವು ಈಗ ಅಂಗೈ ಚಾಚಿ ಹಿಡಿದರೆ, ಸೆಕೆಂಡಿಗೆ ಒಂದೆರಡು ಮ್ಯುವಾನುಗಳು ಅದರ ಮೂಲಕ ಹಾದುಹೋಗುತ್ತವೆ. ನಮಗೆ ಗೊತ್ತೇ ಆಗುವುದಿಲ್ಲ.

ಎರಡನೆಯ ಪದ ಕಪ್ಪು ದ್ರವ್ಯ. ಉರ್ದುವಿನಲ್ಲಿ ತಾರೀಕ್ ಮಾದ್ದಾ, ಇಂಗ್ಲಿಷಿನಲ್ಲಿ ಡಾರ್ಕ್ ಮ್ಯಾಟರ್. ಫ್ರಿಟ್ಜ್ ಜ್ವಿಕಿ 1933ರಲ್ಲಿ ಒಂದು ಗೆಲಕ್ಸಿ ಸಮೂಹವನ್ನು ಗಮನಿಸಿ, ಅಲ್ಲಿನ ಗೆಲಕ್ಸಿಗಳ ವೇಗಕ್ಕೂ ಕಣ್ಣಿಗೆ ಕಾಣುವ ದ್ರವ್ಯದ ತೂಕಕ್ಕೂ ತಾಳೆಯಾಗುತ್ತಿಲ್ಲ ಎಂದರು. 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಅವರ ಸಂಗಡಿಗರು ಗೆಲಕ್ಸಿಗಳ ಅಂಚಿನ ನಕ್ಷತ್ರಗಳು ನಿರೀಕ್ಷೆಗಿಂತ ಬಹಳ ವೇಗವಾಗಿ ಸುತ್ತುತ್ತಿರುವುದನ್ನು ಅಳೆದರು. ಕಾಣದ ಯಾವುದೋ ದ್ರವ್ಯ ತನ್ನ ಗುರುತ್ವದಿಂದ ಅವುಗಳನ್ನು ಹಿಡಿದಿಟ್ಟಿರಬೇಕು. ಇಂದಿನ ಲೆಕ್ಕದಲ್ಲಿ ವಿಶ್ವದ ಒಟ್ಟು ದ್ರವ್ಯದಲ್ಲಿ ಶೇಕಡಾ 85ರಷ್ಟು ಈ ಕಪ್ಪು ದ್ರವ್ಯವೇ. ಅದು ಬೆಳಕನ್ನು ಸೂಸುವುದೂ ಇಲ್ಲ, ತಡೆಯುವುದೂ ಇಲ್ಲ. ಅದು ಯಾವ ಕಣಗಳಿಂದಾಗಿದೆ ಎಂಬುದು ಇನ್ನೂ ಯಾರಿಗೂ ತಿಳಿದಿಲ್ಲ.

ಮೂರನೆಯ ಪದ ಕ್ಷಯ. ಇದು ಕಾಯಿಲೆಯ ಹೆಸರಲ್ಲ. ಒಂದು ಕಣ ತಾನಾಗಿಯೇ ಒಡೆದು ಬೇರೆ ಕಣಗಳಾಗುವುದಕ್ಕೆ ಭೌತವಿಜ್ಞಾನದಲ್ಲಿ ಕ್ಷಯ ಎನ್ನುತ್ತಾರೆ. ಮ್ಯುವಾನಿನ ಸರಾಸರಿ ಆಯಸ್ಸು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಭಾಗ ಮಾತ್ರ. ಒಂಟಿಯಾಗಿ ಬಿಟ್ಟ ನ್ಯೂಟ್ರಾನ್ ಸುಮಾರು ಕಾಲು ಗಂಟೆ ಇರುತ್ತದೆ. ಇಲ್ಲಿ ಸರಾಸರಿ ಎಂಬ ಮಾತನ್ನು ಗಮನಿಸಿ. ಆಯಸ್ಸು ಎಷ್ಟೇ ದೀರ್ಘವಾಗಿರಲಿ, ಕಣಗಳ ಸಂಖ್ಯೆ ದೊಡ್ಡದಾಗಿದ್ದರೆ ಅವುಗಳಲ್ಲಿ ಕೆಲವು ಇಂದೇ ಕ್ಷಯಿಸುತ್ತವೆ.

ಈ ಮೂರು ಪದಗಳನ್ನು ಸೇರಿಸಿದರೆ ನಮ್ಮ ಪ್ರಶ್ನೆ ಸಿದ್ಧವಾಗುತ್ತದೆ. ಕಪ್ಪು ದ್ರವ್ಯದ ಕಣಗಳು ಬಹಳ ಅಪರೂಪಕ್ಕೆ ಕ್ಷಯಿಸುತ್ತಿದ್ದರೆ, ಆಗ ಹೊರಬರುವ ಸಾಮಾನ್ಯ ಕಣಗಳನ್ನು ವಿಶ್ವಕಿರಣಗಳ ಉಪಕರಣದಲ್ಲಿ ಗುರುತು ಹಿಡಿಯಬಹುದೇ?

ಬೆಂಗಳೂರಿನಿಂದ ಗಣಿಯ ಕಡೆಗೆ

ನಮ್ಮ ದೇಶದ ವಿಶ್ವಕಿರಣ ಸಂಶೋಧನೆಯಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. 1939ರಲ್ಲಿ ರಜೆಗೆಂದು ಭಾರತಕ್ಕೆ ಬಂದ ಹೋಮಿ ಭಾಭಾ ಅವರು ಮಹಾಯುದ್ಧ ಆರಂಭವಾದುದರಿಂದ ಇಂಗ್ಲೆಂಡಿಗೆ ಮರಳದೆ ಇಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆ ಅದು. ಅಲ್ಲಿ ವಿಶ್ವಕಿರಣಗಳ ಸಂಶೋಧನಾ ಘಟಕವನ್ನು ಕಟ್ಟಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮೊದಲು ಬೆಂಗಳೂರಿನಲ್ಲೇ ಕೆಲಸ ಆರಂಭಿಸಿ, ಅದೇ ವರ್ಷ ಮುಂಬಯಿಗೆ ಹೋಯಿತು.

ಆ ಸಂಸ್ಥೆಗೆ 1948ರಲ್ಲಿ ಸೇರಿದವರು ಬಿ.ವಿ. ಶ್ರೀಕಂಠನ್. ಮೈಸೂರು ಜಿಲ್ಲೆಯವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. 1950ರ ದಶಕದ ಆರಂಭದಲ್ಲಿ ಅವರು ಉಪಕರಣಗಳನ್ನು ಹೊತ್ತು ಕೋಲಾರದ ಗಣಿಗೆ ಇಳಿದು, ಆಳಕ್ಕೆ ಹೋದಂತೆ ಮ್ಯುವಾನುಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಅಳೆದರು. ಮುಂದೆ ಅವರು ಆ ಸಂಸ್ಥೆಯ ನಿರ್ದೇಶಕರೂ ಆದರು. ಸೆಂಟ್ರಲ್ ಕಾಲೇಜಿನ ಬೆಂಚಿನಿಂದ ಎದ್ದು ಹೋದವರು ಅಷ್ಟು ಎತ್ತರಕ್ಕೆ ಏರಿದರು ಎಂಬುದನ್ನು ನಮ್ಮ ಮಕ್ಕಳು ನೆನಪಿಡಬೇಕು.

ಆಕಾಶದ ಕಣಗಳನ್ನು ಹುಡುಕಲು ಪಾತಾಳಕ್ಕೆ ಇಳಿಯುವುದೇಕೆ ಎಂದು ನೀವು ಕೇಳಬಹುದು. ಉತ್ತರ ಸುಲಭ. ಸಂತೆಯಲ್ಲಿ ನಿಂತರೆ ಪಿಸುಮಾತು ಕೇಳಿಸದು. ಭೂಮಿಯ ಮೇಲೆ ಮ್ಯುವಾನುಗಳ ಸಂತೆ ನಡೆಯುತ್ತಿದೆ. ಎರಡು ಕಿಲೋಮೀಟರಿಗಿಂತ ಹೆಚ್ಚು ದಪ್ಪದ ಬಂಡೆ ಮೇಲೆ ಇದ್ದರೆ ಆ ಸದ್ದು ನಿಲ್ಲುತ್ತದೆ. ಕೋಲಾರದ ಗಣಿ ಮೂರು ಕಿಲೋಮೀಟರಿಗೂ ಆಳವಾಗಿತ್ತು, ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದಾಗಿತ್ತು. 1960ರ ದಶಕದ ಆರಂಭದಲ್ಲಿ ಬಹಳ ಆಳದ ಒಂದು ಹಂತದಲ್ಲಿ ಉಪಕರಣವಿಟ್ಟು ಸುಮಾರು ಎರಡು ತಿಂಗಳು ಕಾದರೂ ಒಂದು ಮ್ಯುವಾನೂ ದಾಖಲಾಗಲಿಲ್ಲ. ಅಂದರೆ ಅಲ್ಲಿ ಏನಾದರೂ ಕಂಡರೆ ಅದು ವಿಶೇಷವಾದುದೇ ಆಗಿರಬೇಕು.

ಆ ನಿಶ್ಶಬ್ದದಲ್ಲಿ 1965ರಲ್ಲಿ ಒಂದು ದೊಡ್ಡ ಕೆಲಸ ನಡೆಯಿತು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಟ್ಟಾಗಿ, ವಾತಾವರಣದಲ್ಲಿ ವಿಶ್ವಕಿರಣಗಳಿಂದ ಹುಟ್ಟುವ ನ್ಯೂಟ್ರಿನೋಗಳ ಗುರುತನ್ನು ಕೋಲಾರದಲ್ಲಿ ಪತ್ತೆ ಮಾಡಿದರು. ನ್ಯೂಟ್ರಿನೋ ಎಂಬುದು ಇಡೀ ಭೂಮಿಯನ್ನೇ ತೂರಿ ಹೋಗಬಲ್ಲ, ಯಾವುದರೊಡನೆಯೂ ಸುಲಭವಾಗಿ ಬೆರೆಯದ ಕಣ. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನಸ್ ಅವರ ತಂಡವೂ ಇದನ್ನು ಕಂಡಿತು. ಜಗತ್ತಿನಲ್ಲಿ ಮೊದಲು ಇದನ್ನು ಕಂಡ ಎರಡು ಜಾಗಗಳಲ್ಲಿ ಒಂದು ನಮ್ಮ ಕೋಲಾರ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಬಾರದು. ಆ ಸುರಂಗಗಳನ್ನು ತೋಡಿದವರು ವಿಜ್ಞಾನಿಗಳಲ್ಲ, ಗಣಿ ಕಾರ್ಮಿಕರು. ಅತಿ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು. ಒತ್ತಡಕ್ಕೆ ಬಂಡೆ ಸಿಡಿದು ಎಷ್ಟೋ ಜನ ಪ್ರಾಣ ಕಳೆದುಕೊಂಡರು. ಅವರ ಬೆವರಿಲ್ಲದೆ ಈ ಪ್ರಯೋಗ ಯಾವುದೂ ನಡೆಯುತ್ತಿರಲಿಲ್ಲ.

ಕೋಲಾರ ಘಟನೆಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ಗಣಿಯ ಸುರಂಗದಲ್ಲಿ ಇಟ್ಟಿದ್ದ ಉಪಕರಣದಲ್ಲಿ ಹೊಳಪು ಸೂಸುವ ಪ್ಲಾಸ್ಟಿಕ್ ಫಲಕಗಳಿದ್ದವು, ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳ ಸಾಲುಗಳಿದ್ದವು. ವಿದ್ಯುದಂಶವಿರುವ ಕಣವೊಂದು ಹಾದುಹೋದರೆ ಅದರ ದಾರಿಯುದ್ದಕ್ಕೂ ಕೊಳವೆಗಳು ಮಿನುಗುತ್ತವೆ. ಕ್ಯಾಮೆರಾ ಅದರ ಚಿತ್ರ ತೆಗೆಯುತ್ತದೆ. ಹೀಗೆ ದಾಖಲಾದ ಒಂದೊಂದು ಗುರುತಿಗೆ ವಿಜ್ಞಾನಿಗಳು ಘಟನೆ ಎಂದು ಹೆಸರಿಡುತ್ತಾರೆ.

ಸಾಮಾನ್ಯವಾಗಿ ನ್ಯೂಟ್ರಿನೋ ಗಟ್ಟಿ ಬಂಡೆಯಲ್ಲಿ ಎಲ್ಲೋ ಒಂದು ಪರಮಾಣುವಿಗೆ ಬಡಿದು, ಅಲ್ಲಿಂದ ಹುಟ್ಟಿದ ಕಣ ಉಪಕರಣದೊಳಗೆ ಬರುತ್ತದೆ. ಆದರೆ ಕೆಲವು ಚಿತ್ರಗಳು ಬೇರೆ ರೀತಿ ಇದ್ದವು. ಅವುಗಳಲ್ಲಿ ಎರಡು ಅಥವಾ ಹೆಚ್ಚು ಗೆರೆಗಳು ದೊಡ್ಡ ಕೋನದಲ್ಲಿ ಕವಲೊಡೆದಿದ್ದವು. ಅಳತೆಪಟ್ಟಿ ಇಟ್ಟು ಆ ಗೆರೆಗಳನ್ನು ಹಿಂದಕ್ಕೆ ಎಳೆದರೆ ಅವು ಒಂದು ಬಿಂದುವಿನಲ್ಲಿ ಸೇರುತ್ತಿದ್ದವು. ಆ ಬಿಂದು ಬಂಡೆಯಲ್ಲಿ ಇರಲಿಲ್ಲ. ಬಂಡೆಗೂ ಉಪಕರಣಕ್ಕೂ ನಡುವಿನ ಬರೀ ಗಾಳಿಯಲ್ಲಿ ಅಥವಾ ಉಪಕರಣದ ತೆಳುವಾದ ಭಾಗದಲ್ಲಿ ಇತ್ತು.

ಇದರಲ್ಲಿ ಆಶ್ಚರ್ಯವೇನು? ಬಂಡೆ ಗಾಳಿಗಿಂತ ಸುಮಾರು ಎರಡು ಸಾವಿರ ಪಟ್ಟು ದಟ್ಟವಾದುದು. ಇಡೀ ಭೂಮಿಯನ್ನೇ ತೂರಿ ಹೋಗುವ ನ್ಯೂಟ್ರಿನೋ ಕೆಲವು ಅಡಿ ಗಾಳಿಯಲ್ಲಿ ಮತ್ತೆ ಮತ್ತೆ ಡಿಕ್ಕಿ ಹೊಡೆಯುವುದು ನಂಬಲಾಗದ ಮಾತು. ಹಾಗಾದರೆ ಅಲ್ಲಿ ಡಿಕ್ಕಿ ಆಗಿಲ್ಲ, ಯಾವುದೋ ಕಣ ಗಾಳಿಯಲ್ಲಿ ತಾನಾಗಿಯೇ ಒಡೆದಿದೆ, ಅಂದರೆ ಕ್ಷಯಿಸಿದೆ. ಎಂ.ಆರ್. ಕೃಷ್ಣಸ್ವಾಮಿ, ಎಂ.ಜಿ.ಕೆ. ಮೆನನ್, ವಿ.ಎಸ್. ನರಸಿಂಹಮ್ ಮೊದಲಾದವರಿದ್ದ ತಂಡ 1975ರಲ್ಲಿ ಇದನ್ನು ಪ್ರಕಟಿಸಿತು. ನ್ಯೂಟ್ರಿನೋ ಬಂಡೆಗೆ ಬಡಿದಾಗ ಹುಟ್ಟಿದ, ಪ್ರೋಟಾನಿಗಿಂತ ಕೆಲವು ಪಟ್ಟು ಭಾರದ ಹೊಸ ಕಣ ಇದಾಗಿರಬಹುದು ಎಂಬುದು ಅವರ ಅಂದಿನ ಊಹೆ. ಇವಕ್ಕೆ ಕೋಲಾರ ಘಟನೆಗಳು ಎಂದೇ ಹೆಸರಾಯಿತು.

ಹೊರದೇಶಗಳಲ್ಲಿ ಕೂಡಲೇ ಪರೀಕ್ಷೆ ನಡೆಯಿತು. ಅಮೆರಿಕದ ಫರ್ಮಿಲ್ಯಾಬ್ ಮತ್ತು ಯುರೋಪಿನ ಸರ್ನ್ ಪ್ರಯೋಗಾಲಯಗಳಲ್ಲಿ ಯಂತ್ರದಿಂದ ನ್ಯೂಟ್ರಿನೋಗಳನ್ನು ಉತ್ಪತ್ತಿ ಮಾಡಿ ಹುಡುಕಿದರು. ಅಂತಹ ಕಣ ಸಿಗಲಿಲ್ಲ. ಕೋಲಾರದಲ್ಲಿ ಕೆಲಸ ಮುಂದುವರಿಯಿತು. 1980ರಲ್ಲಿ ಪ್ರೋಟಾನ್ ಕ್ಷಯವನ್ನು ಹುಡುಕಲು 140 ಟನ್ ತೂಕದ ಉಪಕರಣವನ್ನು 2.3 ಕಿಲೋಮೀಟರ್ ಆಳದಲ್ಲಿ ಸ್ಥಾಪಿಸಿದರು. ಈ ಉದ್ದೇಶಕ್ಕಾಗಿಯೇ ಕಟ್ಟಿದ ಮೊದಲ ಉಪಕರಣಗಳಲ್ಲಿ ಅದೂ ಒಂದು. ಕೆಲವು ಗುರುತುಗಳನ್ನು ಪ್ರೋಟಾನ್ ಕ್ಷಯ ಇರಬಹುದೆಂದು ವರದಿ ಮಾಡಿದರೂ ಅಮೆರಿಕ ಮತ್ತು ಜಪಾನಿನ ದೊಡ್ಡ ಉಪಕರಣಗಳು ಅದನ್ನು ದೃಢಪಡಿಸಲಿಲ್ಲ. ಅಲ್ಲಿಯೂ ಹಳೆಯ ಮಾದರಿಯ ವಿಚಿತ್ರ ಘಟನೆಗಳು ಕಂಡವು. ಎಲ್ಲ ಸೇರಿಸಿದರೂ ಎರಡು ಕೈಬೆರಳುಗಳಲ್ಲಿ ಎಣಿಸಬಹುದಾದಷ್ಟೇ. ಗಣಿಯ ಕೆಲಸ ಕುಗ್ಗುತ್ತಾ ಬಂದಂತೆ 1990ರ ದಶಕದ ಆರಂಭದಲ್ಲಿ ಪ್ರಯೋಗಗಳೂ ನಿಂತವು. 2001ರ ಫೆಬ್ರವರಿ 28ರಂದು ಗಣಿಯನ್ನೇ ಮುಚ್ಚಿದರು. ಸುರಂಗಗಳಿಗೆ ನೀರು ತುಂಬಿತು.

ಸುಮಾರು ನಲವತ್ತು ವರ್ಷಗಳ ನಂತರ

ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಎಂಬ ಇಬ್ಬರು ವಿಜ್ಞಾನಿಗಳು ಆ ಹಳೆಯ ಘಟನೆಗಳನ್ನು ಮತ್ತೆ ಕೈಗೆತ್ತಿಕೊಂಡು 2014ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದು ಬಂದದ್ದು ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಸರ್ ಸಿ.ವಿ. ರಾಮನ್ ಸ್ಥಾಪಿಸಿದ ಅಕಾಡೆಮಿ ಅದು. ಪತ್ರಿಕೆಯ ಹೆಸರು ಪ್ರಮಾಣ. 1975ರಲ್ಲಿ ಕೋಲಾರ ತಂಡದ ಬರಹ ಬಂದ ಪತ್ರಿಕೆಗಳಲ್ಲಿ ಇದೂ ಒಂದು.

ಅವರು ಹೇಳಿದ್ದು ಇಷ್ಟು. 1975ರಲ್ಲಿ ಹೊಸ ಕಣವು ನ್ಯೂಟ್ರಿನೋ ಡಿಕ್ಕಿಯಿಂದ ಅಲ್ಲಿಯೇ ಹುಟ್ಟಿತು ಎಂದುಕೊಂಡೆವು. ಹಾಗಲ್ಲದೆ, ಆ ಕಣ ಮೊದಲಿನಿಂದಲೂ ಎಲ್ಲೆಡೆ ತುಂಬಿಕೊಂಡಿರುವ ಕಪ್ಪು ದ್ರವ್ಯದ ಕಣವೇ ಆಗಿದ್ದರೆ? ಅದರ ತೂಕ ಪ್ರೋಟಾನಿನ 5ರಿಂದ 10 ಪಟ್ಟು, ಸರಾಸರಿ ಆಯಸ್ಸು ಸುಮಾರು ವಿಶ್ವದ ವಯಸ್ಸಿನಷ್ಟೇ ಆಗಿದ್ದರೆ? ಆಗ ಅದು ಗಣಿಯ ಸುರಂಗದ ಗಾಳಿಯಲ್ಲಿಯೂ ಕ್ಷಯಿಸಬಹುದು. ಫರ್ಮಿಲ್ಯಾಬ್ ಮತ್ತು ಸರ್ನ್‌ಗಳಲ್ಲಿ ಏಕೆ ಸಿಗಲಿಲ್ಲ ಎಂಬುದಕ್ಕೂ ಇದರಲ್ಲಿ ಉತ್ತರವಿದೆ. ಅವರು ನ್ಯೂಟ್ರಿನೋ ಉತ್ಪತ್ತಿ ಮಾಡಿ ಹುಡುಕಿದರು. ಈ ಕಣಕ್ಕೂ ನ್ಯೂಟ್ರಿನೋಗೂ ಸಂಬಂಧವೇ ಇಲ್ಲದಿದ್ದರೆ ಅಲ್ಲಿ ಸಿಗುವುದಾದರೂ ಹೇಗೆ?

ನಾವೇ ಲೆಕ್ಕ ಹಾಕಿ ನೋಡೋಣ

ಮಕ್ಕಳೇ, ಇದನ್ನು ಕೇಳಿ ನಿಮಗೆ ಹೆಮ್ಮೆ ಎನಿಸಿರಬಹುದು. ಆದರೆ ಕೋಲಾರದಲ್ಲಿ ಕಪ್ಪು ದ್ರವ್ಯ ಸಿಕ್ಕಿತು ಎಂದು ಮನೆಗೆ ಹೋಗಿ ವಾಟ್ಸಾಪಿನಲ್ಲಿ ಹಾಕಬೇಡಿ. ಯಾರೇ ಹೇಳಲಿ, ಒಂದು ಮಾತನ್ನು ಒಪ್ಪುವ ಮೊದಲು ಅದನ್ನು ಪರೀಕ್ಷಿಸಬೇಕು. ಈ ಪರೀಕ್ಷೆಗೆ ಎಂಟನೇ ತರಗತಿಯ ಗುಣಾಕಾರ, ಭಾಗಾಕಾರ ಸಾಕು.

ನಮ್ಮ ಸುತ್ತ ಒಂದು ಘನ ಸೆಂಟಿಮೀಟರಿನಲ್ಲಿ ಸರಾಸರಿ ಒಂದು ಪ್ರೋಟಾನಿನ ಮೂರನೇ ಒಂದು ಭಾಗದಷ್ಟು ತೂಕದ ಕಪ್ಪು ದ್ರವ್ಯ ಇದೆ ಎಂದು ಖಗೋಳ ವಿಜ್ಞಾನಿಗಳ ಅಂದಾಜು. ಒಂದು ಘನ ಮೀಟರಿಗೆ ಲೆಕ್ಕ ಹಾಕಿದರೆ ಸುಮಾರು 3 ಲಕ್ಷ ಪ್ರೋಟಾನುಗಳ ತೂಕ. ಕಪ್ಪು ದ್ರವ್ಯದ ಒಂದು ಕಣ 5 ಪ್ರೋಟಾನುಗಳಷ್ಟು ಭಾರ ಎಂದಿಟ್ಟುಕೊಂಡರೆ, ಒಂದು ಘನ ಮೀಟರಿನಲ್ಲಿ 60,000 ಕಣಗಳು. ನಮ್ಮ ಒಂದು ತರಗತಿ ಕೋಣೆ ಸುಮಾರು 100 ಘನ ಮೀಟರ್. ಅದರಲ್ಲಿ 60 ಲಕ್ಷ ಕಣಗಳು!

ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಕಣದ ಸರಾಸರಿ ಆಯಸ್ಸೂ ಅಷ್ಟೇ ಎಂದರೆ, ವರ್ಷಕ್ಕೆ ಒಂದು ಕಣ ಕ್ಷಯಿಸುವುದನ್ನು ನೋಡಲು ನಮ್ಮ ಬಳಿ 1,380 ಕೋಟಿ ಕಣಗಳಿರಬೇಕು. 1,380 ಕೋಟಿಯನ್ನು 60 ಲಕ್ಷದಿಂದ ಭಾಗಿಸಿ. 2,300 ಬರುತ್ತದೆ. ಅಂದರೆ 2,300 ತರಗತಿ ಕೋಣೆಗಳಷ್ಟು ಜಾಗವನ್ನು ಒಂದು ವರ್ಷ ಪೂರ್ತಿ ಕಾದು ನೋಡಿದರೆ ಒಂದು ಘಟನೆ. ಗಣಿಯ ಸುರಂಗದಲ್ಲಿ ಉಪಕರಣದ ಸುತ್ತ ಇದ್ದ ಜಾಗ ಕೆಲವೇ ಕೋಣೆಗಳಷ್ಟು. ಆದ್ದರಿಂದ ಕೋಲಾರದಲ್ಲಿ ಕಂಡಷ್ಟು ಘಟನೆಗಳು ಆಗಬೇಕಾದರೆ ಭೂಮಿಯ ಬಳಿ ಕಪ್ಪು ದ್ರವ್ಯ ಸರಾಸರಿಗಿಂತ ನೂರಾರು ಪಟ್ಟು ದಟ್ಟವಾಗಿರಬೇಕು. ಹಾಗಿದೆ ಎನ್ನಲು ಬೇರೆ ಸಾಕ್ಷಿ ಬೇಕು. ಇದು ಮೊದಲ ಆಕ್ಷೇಪಣೆ.

ಎರಡನೆಯ ಆಕ್ಷೇಪಣೆ ಆಕಾಶದಿಂದ ಬರುತ್ತದೆ. ಗೆಲಕ್ಸಿಯ ತುಂಬ ಇಂತಹ ಕಣಗಳು ಕ್ಷಯಿಸುತ್ತಿದ್ದರೆ ಅದರಿಂದ ಗಾಮಾ ಕಿರಣಗಳೂ ವಿಶ್ವಕಿರಣಗಳೂ ಧಾರಾಳವಾಗಿ ಬರಬೇಕು. 2008ರಲ್ಲಿ ಉಡಾಯಿಸಿದ ಫರ್ಮಿ ದೂರದರ್ಶಕ ಮೊದಲಾದ ಉಪಕರಣಗಳು ಅದನ್ನು ಹುಡುಕಿವೆ. ಅಷ್ಟು ಕಿರಣಗಳು ಬರುತ್ತಿಲ್ಲ. ಈ ಅಳತೆಗಳ ಪ್ರಕಾರ, ಕಪ್ಪು ದ್ರವ್ಯ ನಮಗೆ ತಿಳಿದ ಸಾಮಾನ್ಯ ಕಣಗಳಾಗಿ ಕ್ಷಯಿಸುವುದಾದರೆ ಅದರ ಆಯಸ್ಸು ವಿಶ್ವದ ವಯಸ್ಸಿಗಿಂತ ಕೋಟಿಗೂ ಹೆಚ್ಚು ಪಟ್ಟು ಇರಬೇಕು. ಹೀಗಾಗಿ ಹೆಚ್ಚಿನ ತಜ್ಞರು ಕೋಲಾರ ಘಟನೆಗಳಿಗೆ ಕೊಟ್ಟ ಈ ವಿವರಣೆಯನ್ನು ಒಪ್ಪಿಲ್ಲ. ವಿವರಣೆ ಒಪ್ಪಿಗೆಯಾಗದಿದ್ದರೂ ಆ ಚಿತ್ರಗಳು ಇದ್ದೇ ಇವೆ.

ಬೇರೆಡೆಯ ಹುಡುಕಾಟ

ಇಂತಹ ಒಗಟು ಕೋಲಾರಕ್ಕೆ ಮಾತ್ರ ಬಂದದ್ದಲ್ಲ. 2006ರಲ್ಲಿ ಹಾರಿಸಿದ ಪಮೇಲಾ ಎಂಬ ಉಪಕರಣದ ಅಳತೆಗಳು 2008ರಲ್ಲಿ ಹೊರಬಂದಾಗ, ವಿಶ್ವಕಿರಣಗಳಲ್ಲಿ ಪಾಸಿಟ್ರಾನುಗಳು ನಿರೀಕ್ಷೆಗಿಂತ ಹೆಚ್ಚಾಗಿರುವುದು ಕಂಡಿತು. ಪಾಸಿಟ್ರಾನ್ ಎಂದರೆ ಧನ ವಿದ್ಯುದಂಶವುಳ್ಳ ಎಲೆಕ್ಟ್ರಾನಿನ ಪ್ರತಿರೂಪ. 2011ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿದ ಎ.ಎಂ.ಎಸ್. ಉಪಕರಣ 2013ರಲ್ಲಿ ಇದನ್ನು ಇನ್ನೂ ನಿಖರವಾಗಿ ದೃಢಪಡಿಸಿತು. ಕಪ್ಪು ದ್ರವ್ಯ ಕ್ಷಯಿಸಿ ಈ ಪಾಸಿಟ್ರಾನುಗಳು ಬರುತ್ತಿವೆಯೇ ಎಂದು ನೂರಾರು ಪ್ರಬಂಧಗಳು ಬಂದವು. ಪಲ್ಸಾರ್ ಎಂಬ, ಗಿರಗಿರನೆ ಸುತ್ತುವ ಸತ್ತ ನಕ್ಷತ್ರಗಳೂ ಪಾಸಿಟ್ರಾನುಗಳನ್ನು ಹೊರಸೂಸಬಲ್ಲವು. ಇಂದು ಬಹಳ ಜನ ವಿಜ್ಞಾನಿಗಳು ಪಲ್ಸಾರ್ ಕಡೆಗೆ ಒಲಿದಿದ್ದಾರೆ, ಆದರೂ ವಾದ ಮುಗಿದಿಲ್ಲ.

ಇದನ್ನು ಬಿಡಿಸುವ ಒಂದು ದಾರಿ ಕೇಳಿ. ಕಪ್ಪು ದ್ರವ್ಯ ಎರಡು ರೀತಿಯಲ್ಲಿ ಸೂಚನೆ ಕೊಡಬಹುದು. ಒಂದು ಕ್ಷಯ, ಅಲ್ಲಿ ಒಂದು ಕಣ ತಾನೊಬ್ಬನೇ ಒಡೆಯುತ್ತದೆ. ಇನ್ನೊಂದು ಪರಸ್ಪರ ನಾಶ, ಅಲ್ಲಿ ಎರಡು ಕಣಗಳು ಎದುರಾಗಬೇಕು. ಸಭೆಯಿಂದ ಜನ ತಾವಾಗಿಯೇ ಎದ್ದು ಹೋಗುವುದಾದರೆ, ಜನ ಎರಡು ಪಟ್ಟಾದರೆ ಹೋಗುವವರೂ ಎರಡು ಪಟ್ಟು. ಇಬ್ಬರು ಡಿಕ್ಕಿ ಹೊಡೆಯುವುದಾದರೆ, ಜನ ಎರಡು ಪಟ್ಟಾದಾಗ ಡಿಕ್ಕಿಗಳು ನಾಲ್ಕು ಪಟ್ಟು. ಆದ್ದರಿಂದ ಪರಸ್ಪರ ನಾಶದ ಸೂಚನೆ ಗೆಲಕ್ಸಿಯ ದಟ್ಟವಾದ ನಡುಭಾಗದಿಂದ ಬಹಳ ಹೆಚ್ಚಾಗಿ ಬರುತ್ತದೆ. ಕ್ಷಯದ ಸೂಚನೆ ಆಕಾಶದ ತುಂಬ ಹರಡಿಕೊಂಡು ಬರುತ್ತದೆ. ಎಲ್ಲಿಂದ ಎಷ್ಟು ಬರುತ್ತಿದೆ ಎಂದು ಅಳೆದರೆ ಯಾವುದು ಎಂದು ತಿಳಿಯಬಹುದು.

ನಮ್ಮ ದೇಶದಲ್ಲಿ ಕೋಲಾರದ ಪರಂಪರೆಯನ್ನು ಮುಂದುವರಿಸಲು ತಮಿಳುನಾಡಿನ ಥೇಣಿ ಜಿಲ್ಲೆಯ ಬೆಟ್ಟದೊಳಗೆ ನ್ಯೂಟ್ರಿನೋ ವೀಕ್ಷಣಾಲಯ ಕಟ್ಟುವ ಯೋಜನೆಗೆ ಕೇಂದ್ರ ಸಂಪುಟ 2015ರಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿನ ದೊಡ್ಡ ಗುಹೆಯ ಗಾಳಿಯಲ್ಲಿ ಕೋಲಾರದಂತಹ ಘಟನೆಗಳನ್ನು ಹುಡುಕಬಹುದು ಎಂದು ವಿಜ್ಞಾನಿಗಳು ಲೆಕ್ಕವನ್ನೂ ಹಾಕಿದ್ದರು. ಕಾಡು, ನೀರು, ಬದುಕಿನ ಬಗ್ಗೆ ಸ್ಥಳೀಯರ ಆತಂಕ ಮತ್ತು ಕಾನೂನಿನ ತೊಡಕುಗಳ ನಡುವೆ ಅದನ್ನು ಕಟ್ಟಲಾಗಿಲ್ಲ. ಜಾರ್ಖಂಡಿನ ಜಾದೂಗುಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದಲ್ಲಿ 2017ರಲ್ಲಿ ಒಂದು ಪ್ರಯೋಗಾಲಯ ಆರಂಭವಾಗಿ, ಅಲ್ಲಿ ಕಪ್ಪು ದ್ರವ್ಯದ ಹುಡುಕಾಟ ನಡೆದಿದೆ. ಆದರೆ ಕೋಲಾರದ ಆಳ ಎಲ್ಲಿ, 555 ಮೀಟರ್ ಎಲ್ಲಿ? ನಾವು ಕಳೆದುಕೊಂಡದ್ದು ಚಿನ್ನದ ಗಣಿಯನ್ನು ಮಾತ್ರವಲ್ಲ. ಆ ವಿಚಿತ್ರ ಗೆರೆಗಳು ಮತ್ತೆ ಬರುತ್ತವೆಯೇ ಎಂದು ಅದೇ ಜಾಗದಲ್ಲಿ ಕೂತು ನೋಡುವ ಅವಕಾಶವೂ ನೀರಿನಲ್ಲಿ ಮುಳುಗಿತು.

ಹೊಂದದ ಅಂಕಿಯನ್ನು ಅಳಿಸಬೇಡಿ

ಇಷ್ಟು ಹೇಳಿ, ವಿದ್ಯಾರ್ಥಿಗಳಿಗೂ ಸಂಘಕ್ಕೂ ಎರಡು ಮಾತು ಹೇಳಿ ಮುಗಿಸುತ್ತೇನೆ.

ಕೋಲಾರದ ವಿಜ್ಞಾನಿಗಳು ಹುಡುಕುತ್ತಿದ್ದುದು ನ್ಯೂಟ್ರಿನೋಗಳನ್ನು. ಕೆಲವು ಚಿತ್ರಗಳು ಅದಕ್ಕೆ ಹೊಂದಲಿಲ್ಲ. ಉಪಕರಣ ಕೆಟ್ಟಿರಬೇಕು, ಯಾಕೆ ತಲೆನೋವು ಎಂದು ಆ ಚಿತ್ರಗಳನ್ನು ಪಕ್ಕಕ್ಕೆ ಎಸೆಯುವುದು ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಎಲ್ಲಿ, ಯಾವ ಕೋನದಲ್ಲಿ, ಎಷ್ಟು ಗೆರೆ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದು ಪ್ರಕಟಿಸಿದರು. ಜಗತ್ತು ಒಪ್ಪಲಿಲ್ಲ. ಅವರು ಆ ಬರಹವನ್ನು ತಿದ್ದಲಿಲ್ಲ. ಗಣಿ ಮುಚ್ಚಿತು, ಉಪಕರಣ ಹೋಯಿತು, ಉಳಿದದ್ದು ಆ ದಾಖಲೆ ಒಂದೇ. ಅದು ಪ್ರಾಮಾಣಿಕವಾಗಿದ್ದುದರಿಂದಲೇ ಸುಮಾರು ನಲವತ್ತು ವರ್ಷಗಳ ನಂತರ ಬೇರೆಯವರು ಬಂದು ಹೊಸ ಪ್ರಶ್ನೆ ಕೇಳಲು ಸಾಧ್ಯವಾಯಿತು. ಅವರ ಉತ್ತರ ಸರಿಯೋ ತಪ್ಪೋ ಎಂದು ನಾವು ಇಂದು ಗುಣಾಕಾರ ಮಾಡಿ ಪರೀಕ್ಷಿಸಲು ಸಾಧ್ಯವಾಯಿತು.

ನಮ್ಮ ಶಾಲೆ ಕಾಲೇಜುಗಳ ಪ್ರಾಕ್ಟಿಕಲ್ ಪುಸ್ತಕ ತೆಗೆದು ನೋಡಿ. ಲೋಲಕದ ಪ್ರಯೋಗದಲ್ಲಿ ಉತ್ತರ 9.8 ಬರಲೇಬೇಕು ಎಂದು ಮಕ್ಕಳಿಗೆ ಮೊದಲೇ ಗೊತ್ತು. ಆದ್ದರಿಂದ ಉತ್ತರವನ್ನು ಮೊದಲು ಬರೆದು, ಅದಕ್ಕೆ ಸರಿಹೊಂದುವ ಅಂಕಿಗಳನ್ನು ಮೇಲೆ ತುಂಬಿಸುತ್ತಾರೆ. ಪೂರ್ತಿ ಅಂಕಗಳೂ ಬರುತ್ತವೆ. ಗಡಿಯಾರ ಹಿಡಿದು ನಿಜವಾಗಿ ಎಣಿಸಿ 9.3 ತಂದ ಹುಡುಗಿಗೆ ಒಂದು ಅಂಕ ಕಡಿಮೆ. ಇದು ಮಕ್ಕಳ ತಪ್ಪಲ್ಲ, ನಾವು ಹಿರಿಯರು ಮಾಡಿಟ್ಟ ಪದ್ಧತಿ. ಆದರೆ ಕಣ್ಣಿಗೆ ಕಂಡದ್ದನ್ನು ಬಿಟ್ಟು ಕಾಣಬೇಕಾದದ್ದನ್ನು ಬರೆಯುವ ಅಭ್ಯಾಸ ಒಮ್ಮೆ ಕೈಗೆ ಹತ್ತಿದರೆ ಮುಂದೆ ಅದು ಬಿಡುವುದಿಲ್ಲ. ಅಂತಹ ಕೈ ಆಸ್ಪತ್ರೆಯಲ್ಲಿ ರೋಗಿಯ ಜ್ವರ ಬರೆಯುವಾಗಲೂ, ಕಚೇರಿಯಲ್ಲಿ ಲೆಕ್ಕ ಬರೆಯುವಾಗಲೂ ಹಾಗೆಯೇ ಬರೆಯುತ್ತದೆ.

ಆದ್ದರಿಂದ ಸಂಘದ ಹಿರಿಯರಲ್ಲಿ ಒಂದು ವಿನಂತಿ. ಪ್ರತಿ ವರ್ಷ ಹೆಚ್ಚು ಅಂಕ ತೆಗೆದ ಮಕ್ಕಳಿಗೆ ನಾವು ಬಹುಮಾನ ಕೊಡುತ್ತೇವೆ. ಅದರ ಜೊತೆಗೆ ಇನ್ನೊಂದು ಬಹುಮಾನ ಇಡಿ. ನಿಜವಾಗಿ ಪ್ರಯೋಗ ಮಾಡಿ, ಬಂದ ಅಂಕಿಯನ್ನೇ ಬರೆದು, ಏಕೆ ವ್ಯತ್ಯಾಸ ಬಂದಿತು ಎಂದು ಯೋಚಿಸಿ ನಾಲ್ಕು ಸಾಲು ಬರೆದ ವಿದ್ಯಾರ್ಥಿಗೆ ಆ ಬಹುಮಾನ ಸಿಗಲಿ. ಅದು ಕನ್ನಡದಲ್ಲಿರಲಿ, ಉರ್ದುವಿನಲ್ಲಿರಲಿ, ಇಂಗ್ಲಿಷಿನಲ್ಲಿರಲಿ.

ವಿದ್ಯಾರ್ಥಿಗಳೇ, ವಿಶ್ವಕಿರಣವನ್ನು ನೋಡಲು ಕೋಟಿ ರೂಪಾಯಿ ಬೇಕಾಗಿಲ್ಲ. ಒಂದು ಗಾಜಿನ ಪೆಟ್ಟಿಗೆ, ತಳಕ್ಕೆ ಕಪ್ಪು ಬಣ್ಣದ ಲೋಹದ ತಗಡು, ಮೇಲ್ಭಾಗದಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿದ ಬಟ್ಟೆ, ತಗಡಿನ ಕೆಳಗೆ ಒಣ ಮಂಜುಗಡ್ಡೆ, ಪಕ್ಕದಿಂದ ಒಂದು ಟಾರ್ಚ್ ಬೆಳಕು. ವಿಜ್ಞಾನ ಶಿಕ್ಷಕರ ಮೇಲ್ವಿಚಾರಣೆಯಲ್ಲಿ, ಕಿಟಕಿಗಳನ್ನು ತೆರೆದಿಟ್ಟು, ಬೆಂಕಿಯಿಂದ ದೂರದಲ್ಲಿ, ಕೈಗೆ ದಪ್ಪ ಗವಸು ಹಾಕಿಕೊಂಡು ಮಾಡಿ. ಸ್ವಲ್ಪ ಹೊತ್ತು ಕಾದರೆ ಪೆಟ್ಟಿಗೆಯೊಳಗಿನ ಮಂಜಿನಲ್ಲಿ ಬಿಳಿಯ ಎಳೆಗಳು ಮೂಡಿ ಮಾಯವಾಗುತ್ತವೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಹತ್ತು ನಿಮಿಷದಲ್ಲಿ ಎಷ್ಟು ಎಳೆ, ಯಾವುದು ನೇರ, ಯಾವುದು ವಕ್ರ ಎಂದು ಬರೆಯಿರಿ. ನಿಮಗೆ ಅರ್ಥವಾಗದ ಎಳೆ ಕಂಡರೆ ಅದನ್ನೂ ಬರೆಯಿರಿ, ದಿನಾಂಕ ಮತ್ತು ಸಮಯ ಹಾಕಿ.